ಗಂಗಾವತಿಯ ಇಲಿಗಳಿಗೆ ಕಿಂದರಿಜೋಗಿ ಎಲ್ಲಿ?

— ಅಕ್ಕಾರ, ಸಾಲಿ ಗ್ರಂಥಾಲಯಕ್ಕ ಒಂದಿಷ್ಟು ರೊಕ್ಕ ಬಂದೈತಿ. ಈ ಸಲ ಮಕ್ಕಳ ಪುಸ್ತಕನ ತಗೊಳ್ಳೂಣು ಅಂತ ಮಾಡೀನಿ. ನೀವೊಂದು ಪಟ್ಟಿ ಕೊಟ್ರ ನಾಳೆನ ಆರ್ಡರ್ ಹಾಕಿ ಕೈ ತೊಳಕೋತೀನಿ.

— ಪಟ್ಟಿ ಕೊಡೋಣ ಮಾಸ್ತರೇ. ಹೋದ ಸಲ ತಂದವು ಎಲ್ಲಿವೆ, ಅದನ್ನು ಮೊದಲು ಹೇಳಿ.

— ಕಪಾಟಿನ್ಯಾಗ ಅದಾವ, ಕೀಲಿ ಹಾಕೀನಿ. ಹುಡುಗೂರು ಮುಟ್ಟಿದ್ರ ಹರೀತಾವು, ಹರದ್ರ ಆಡಿಟ್ಟಿನ್ಯಾಗ ಉತ್ತರ ಕೊಡಾವ ನಾನು. ಖರೇ ಹೇಳಬೇಕಂದ್ರ ಅವಕ್ಕ ಬೇಕಾಗೂ ಇಲ್ಲರಿ. ಯಲಬುರ್ಗಾ ಸೀಮಿ ಹುಡುಗೂರು, ಓದೂ ಪೈಕಿ ಅಲ್ಲ.

— ಏನೇನು ತಂದಿದ್ದಿರಿ?

— ಮಹಾತ್ಮರ ಚರಿತ್ರಿ, ನೀತಿಕಥಿ, ಸಾಮಾನ್ಯ ಜ್ಞಾನ, ಸುಭಾಷಿತ. ಎಲ್ಲಾ ಬೇಕಾದವ.

— ಯಾರಿಗೆ ಬೇಕಾದವು? ಏಳು ವರ್ಷದ ಹುಡುಗನ ಕೈಗೆ ನೀವು ಕೊಟ್ಟದ್ದು ದೊಡ್ಡವರ ಆಸೆಗಳನ್ನು. ಕಥೆಯ ಕೆಳಗೆ ದಪ್ಪಕ್ಷರದಲ್ಲಿ ‘ನೀತಿ’ ಎಂದು ಒಂದು ಸಾಲು ಹಾಕಿರುತ್ತಾರಲ್ಲ, ಅದನ್ನು ತಾನಾಗಿ ಎರಡನೇ ಸಲ ಓದಿದ ಮಗುವನ್ನು ನಾನಂತೂ ನೋಡಿಲ್ಲ.

— ಪಾಲಕರು ಕೇಳೋದ ಅದನ್ನ. ‘ಸರ, ನಮ್ಮ ಹುಡುಗ ನಾಕು ಒಳ್ಳೆ ಮಾತು ಕಲೀಲಿ’ ಅಂತಾರ. ಮತ್ತ ಪಂಚತಂತ್ರ ಏನು? ಅದು ನೀತಿ ಅಲ್ಲೇನು?

— ಒಳ್ಳೆಯ ಹೆಸರು ತೆಗೆದಿರಿ. ಪಂಚತಂತ್ರವನ್ನು 1031ರ ಸುಮಾರಿಗೆ ಕನ್ನಡಕ್ಕೆ ತಂದ ದುರ್ಗಸಿಂಹ ನಿಮಗೆ ನೆರೆಯವನು. ಕಿಸುಕಾಡು ನಾಡಿನ ಸಯ್ಯಡಿ ಅವನ ಊರು. ಗದಗ ಜಿಲ್ಲೆಯ ರೋಣದ ಬಳಿಯ ಸವಡಿಯೇ ಅದು ಎನ್ನುತ್ತಾರೆ. ಚಾಳುಕ್ಯ ಜಯಸಿಂಹನ ಆಸ್ಥಾನದಲ್ಲಿ ಸಂಧಿವಿಗ್ರಹಿ ಆಗಿದ್ದ. ಯುದ್ಧ, ರಾಜಿ ನೋಡಿಕೊಳ್ಳುವ ಅಧಿಕಾರಿ ಬರೆದ ಪುಸ್ತಕದಲ್ಲಿ ‘ಬೆಳಿಗ್ಗೆ ಎದ್ದು ಹಲ್ಲುಜ್ಜು’ ಎಂಬ ಬುದ್ಧಿವಾದ ಇರುತ್ತದೆಯೇ? ಮೊಲ ಸಿಂಹವನ್ನು ಬಾವಿಗೆ ಕೆಡವಿದ್ದು ಒಳ್ಳೆಯತನದಿಂದಲ್ಲ, ತಲೆ ಓಡಿಸಿ. ಮಕ್ಕಳಿಗೆ ಅದು ಹಿಡಿಸುವುದೂ ಅದಕ್ಕೇ. ತನಗಿಂತ ದೊಡ್ಡವರೇ ತುಂಬಿಕೊಂಡ ಲೋಕದಲ್ಲಿ ಒಂದು ಚಿಕ್ಕ ಪ್ರಾಣಿ ಗೆದ್ದಿತಲ್ಲ ಎಂಬ ಧೈರ್ಯ ಬರುತ್ತದೆ.

— ನೀವು ಮೈಸೂರು ಕಡೆಯವರು ಅಕ್ಕಾರ, ಇಲ್ಲಿ ಬಂದು ಎಷ್ಟು ವರ್ಷ ಆದ್ರೂ ನಮ್ಮವರ ಹೆಸರು ನಿಮ್ಮ ಬಾಯಾಗ ತಡಾ ಮಾಡಿ ಬರತಾವ. ದ್ಯಾಂಪುರದ ಸಿದ್ದಯ್ಯ ಪುರಾಣಿಕರನ್ನ ಮರತ್ರೇನು? ಏನರ ಆಗು, ಮೊದಲ ಮನಷ್ಯಾ ಆಗು ಅಂತ ಸಾರಿದವರು. ಅದಕ್ಕಿಂತ ದೊಡ್ಡ ನೀತಿ ಐತೇನು?

— ಮರೆತಿಲ್ಲ. ಆ ಪದ್ಯ ಬೆಳೆದ ಹುಡುಗರಿಗೆ. ಸಣ್ಣವರಿಗೆ ಬರೆಯುವಾಗ ಅದೇ ಪುರಾಣಿಕರು ಪುಸ್ತಕಕ್ಕೆ ಇಟ್ಟ ಹೆಸರು ಏನು? ‘ತುಪ್ಪಾ ರೊಟ್ಟಿ ಗೇ ಗೇ ಗೇ’. ಉಸ್ಮಾನಿಯಾದಲ್ಲಿ ಓದಿದವರು, ಐಎಎಸ್ ಅಧಿಕಾರಿ, 1987ರ ಕಲಬುರ್ಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. ಅಂಥವರು ‘ಗೇ ಗೇ ಗೇ’ ಎನ್ನಲು ನಾಚಲಿಲ್ಲ. ನಾವು ನಾಚುತ್ತೇವೆ.

— ಅದು ಬರೇ ಸಪ್ಪಳ ಅಲ್ಲೇನ್ರಿ? ಹುಡುಗೂರಿಗೆ ಅದರಿಂದ ಏನು ಉಪಯೋಗ?

— ಸಪ್ಪಳವೇ ಉಪಯೋಗ. ನಿಮ್ಮ ಒಂದನೇ ತರಗತಿಯ ಹುಡುಗ ‘ಕಮಲ’ ಓದುವುದನ್ನು ಕೇಳಿ. ಕ, ಮ, ಲ ಎಂದು ಮೂರು ಕಲ್ಲು ಎತ್ತಿಟ್ಟ ಹಾಗೆ ಓದುತ್ತಾನೆ. ಮೂರೂ ಸರಿ, ಕಮಲ ಮಾತ್ರ ಬರುವುದಿಲ್ಲ. ಮಾತನ್ನು ಸದ್ದುಗಳಾಗಿ ಒಡೆಯಬಹುದು, ಮತ್ತೆ ಕೂಡಿಸಬಹುದು, ಮೊದಲ ಸದ್ದು ಬದಲಿಸಿದರೆ ಬೇರೊಂದು ಮಾತೇ ಆಗುತ್ತದೆ. ಇದು ಕಿವಿಗೆ ಮೊದಲೇ ಗೊತ್ತಿದ್ದ ಮಗುವಿಗೆ ಅಕ್ಷರ ಬೇಗ ಹತ್ತುತ್ತದೆ ಎಂದು ಓದಿನ ಕಲಿಕೆಯನ್ನು ಅಭ್ಯಾಸ ಮಾಡಿದವರು ದಶಕಗಳಿಂದ ಹೇಳುತ್ತಿದ್ದಾರೆ. ಕಿವಿಗೆ ಆ ಪಾಠ ಮಾಡುವುದು ಪ್ರಾಸ. ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲ ಕಟ್ಟಿದ ಪಂಜೆ ಮಂಗೇಶರಾಯರು ಶಾಲಾ ಇನ್ಸ್‌ಪೆಕ್ಟರಾಗಿದ್ದವರು, ಮಕ್ಕಳ ಬಾಯಿ ಎಲ್ಲಿ ತೊಡರುತ್ತದೆ ಎಂದು ಅವರಿಗೆ ಗೊತ್ತಿತ್ತು. ರಾಜರತ್ನಂ ಅವರ ತುತ್ತೂರಿ ಪದ್ಯ ನಿಮಗೂ ಬಾಯಿಗೆ ಬರುತ್ತದೆ. ಕಲಿಸಿದವರು ಯಾರು, ಯಾವಾಗ, ನೆನಪಿದೆಯೇ?

— ಇಲ್ಲರಿ. ಬಂದೇ ಬಂದಿರತೈತಿ.

— ಹಾಗೇ ಬರಬೇಕು. ರಷ್ಯಾದಲ್ಲಿ ಕೋರ್ನೆಯ್ ಚುಕೋವ್‌ಸ್ಕಿ ಎಂಬ ಮಕ್ಕಳ ಕವಿ ಇದ್ದ. ಎರಡರಿಂದ ಐದು ವರ್ಷದ ಮಕ್ಕಳ ಮಾತನ್ನು ವರ್ಷಗಟ್ಟಲೆ ಬರೆದಿಟ್ಟುಕೊಂಡು ಪುಸ್ತಕ ಮಾಡಿದ. ತಲೆಕೆಳಗಾದ ಪದ್ಯ, ಅಂದರೆ ಮೀನು ಹಾರಿತು, ಕುದುರೆ ಮೊಟ್ಟೆ ಇಟ್ಟಿತು ಎನ್ನುವಂಥದ್ದು, ಮಗುವನ್ನು ದಾರಿ ತಪ್ಪಿಸುತ್ತದೆ ಎಂದು ಅಲ್ಲಿನ ಶಿಕ್ಷಣ ಪಂಡಿತರು ಅವನ ಮೇಲೆ ಬಿದ್ದರು. ಅವನ ಉತ್ತರ ಸರಳ: ಕುದುರೆ ಮೊಟ್ಟೆ ಇಡುವುದಿಲ್ಲ ಎಂದು ಗೊತ್ತಾದ ಮಗು ಮಾತ್ರ ಆ ಪದ್ಯಕ್ಕೆ ನಗುತ್ತದೆ. ಆ ನಗು ಎಂದರೆ ‘ನನಗೆ ಗೊತ್ತಾಯಿತು’ ಎಂಬ ಸಂತೋಷ.

— ಖರೆ ನೋಡ್ರಿ. ನಮ್ಮ ಸಣ್ಣಾಕಿಗೆ ‘ಎಮ್ಮಿ ಮಿಯಾಂವ್ ಅಂತು’ ಅಂದ್ರ ಬಿದ್ದು ಬಿದ್ದು ನಗತಾಳ. ನಾವು ಸುಮ್ಮ ಬರೇ ಚೇಷ್ಟಿ ಅಂತ ತಿಳಕೊಂಡಿದ್ವಿ. ಆದ್ರ ಅಕ್ಕಾರ, ನಾ ಒಂದು ಮಾತು ಕೇಳತೀನಿ. ಪುಸ್ತಕದಾಗ ಇದ್ರ ಅಷ್ಟ ಮಕ್ಕಳ ಸಾಹಿತ್ಯ ಏನು? ನಮ್ಮ ಮೂರನೇತ್ತಾದಾಗ ಒಬ್ಬಾಕಿ ಅದಾಳ. ಪಾಠ ಓದಂದ್ರ ತಲಿ ಎತ್ತಂಗಿಲ್ಲ, ಎರಡು ಸಾಲಿಗೆ ಕಣ್ಣಾಗ ನೀರು. ಮೊನ್ನೆ ಮಳಿ ಬಂತು, ಕರೆಂಟ್ ಹೋತು, ಯಾರರ ಒಂದು ಕಥಿ ಹೇಳ್ರಿ ಅಂದೆ. ಎದ್ದಾಕಿ ಆಕಿನ. ಗುಬ್ಬಿ ಕಾಗಿ ಕಥಿ ಶುರು ಮಾಡಿದ್ಲು. ಮಳಿಗೆ ಕಾಗಿ ಮನಿ ಕರಗಿ ಹೋಗತೈತಿ, ಬಂದು ಗುಬ್ಬಿ ಬಾಗಲಾ ಬಡೀತೈತಿ. ಗುಬ್ಬಿ ಒಳಗಿಂದ, ‘ತಡಿ, ಮರಿಗೆ ಎರೀತೀನಿ’, ‘ತಡಿ, ಮರಿಗೆ ಅಂಗಿ ಹಾಕತೀನಿ’, ‘ತಡಿ, ತೊಟ್ಟಿಲದಾಗ ಹಾಕತೀನಿ’. ಪ್ರತಿ ಸಲ ಕಾಗಿ ದನಿ ಸಣ್ಣ ಆಗತಿತ್ತು, ಗುಬ್ಬಿ ದನಿಗೆ ಸೊಕ್ಕು ಏರತಿತ್ತು. ಇಡೀ ವರ್ಗ ಉಸರ ಹಿಡದು ಕುಂತಿತ್ತು. ಆಮ್ಯಾಲ ಒಬ್ಬ ಹುಡುಗ ‘ಗುಬ್ಬಿ ಮೋಸ ಮಾಡ್ತು’ ಅಂದ. ಇನ್ನೊಬ್ಬಾಕಿ ‘ಕಾಗಿ ಮರಿ ತಿಂತಿತ್ತು, ಅದಕ್ಕ ತೆಗೀಲಿಲ್ಲ’ ಅಂದ್ಲು. ಜಗಳನ ಬಿತ್ತು.

— ಮಾಸ್ತರೇ, ಆ ಹತ್ತು ನಿಮಿಷದಲ್ಲಿ ಏನೇನಾಯಿತು ನೋಡಿ. ಆ ಹುಡುಗಿ ಘಟನೆಗಳನ್ನು ಸರದಿಯಲ್ಲಿ ನೆನಪಿಟ್ಟಳು, ಎರಡು ಜೀವಗಳ ದನಿಯಲ್ಲಿ ಮಾತಾಡಿದಳು, ಕೇಳುವವರು ಎಲ್ಲಿ ಕಾಯುತ್ತಾರೆಂದು ಅಂದಾಜು ಮಾಡಿದಳು. ಕೂತವರು ಮುಂದಿನ ಮಾತನ್ನು ಮೊದಲೇ ಊಹಿಸಿದರು. ಮರುಕಳಿಸುವ ಕಥೆಗಳ ಗುಣವೇ ಅದು. ಕೊನೆಗೆ ನ್ಯಾಯ ಯಾರ ಕಡೆ ಎಂದು ವಾದ ಮಾಡಿದರು. ನಿಮ್ಮ ನೀತಿಕಥೆ ಅವರಿಗೆ ಉತ್ತರ ಕೊಟ್ಟುಬಿಡುತ್ತದೆ. ಗುಬ್ಬಿ ಕಾಗಿ ಕಥೆ ಕೊಡಲಿಲ್ಲ, ಅದಕ್ಕೇ ಜಗಳ ಬಿತ್ತು. ಆ ಹುಡುಗಿಗೆ ಓದು ಬರುವುದಿಲ್ಲ ಎಂದು ಬರೆದುಬಿಡಬೇಡಿ. ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ದೊಡ್ಡಕ್ಷರದಲ್ಲಿ ಬರೆದು ಅವಳ ಕೈಗೇ ಕೊಡಿ. ಅವಳ ಮೊದಲ ಪುಸ್ತಕ ಅದೇ ಆಗಲಿ.

— ‘ಎರೀತೀನಿ’, ‘ತೊಟ್ಟಿಲದಾಗ’ ಅಂತನ ಬರೀಲೇನು? ತಿದ್ದೋದು ಬ್ಯಾಡ?

— ಬರೆಯಿರಿ. ಪಠ್ಯಪುಸ್ತಕದ ಕನ್ನಡ ಅವಳಿಗೆ ನಾಳೆ ಬೇಕು, ಬರುತ್ತದೆ ಕೂಡ. ಆದರೆ ಮನೆಯ ಮಾತು ಅಚ್ಚಿನಲ್ಲಿ ಒಮ್ಮೆಯಾದರೂ ಕಾಣದಿದ್ದರೆ ಪುಸ್ತಕವೆನ್ನುವುದು ಬೇರೆ ಊರಿನವರ ಸಾಮಾನು ಎಂದುಕೊಂಡುಬಿಡುತ್ತಾಳೆ. ಇದನ್ನು ಮೈಸೂರು ಕಡೆಯವಳೇ ಹೇಳುತ್ತಿದ್ದೇನೆ.

— ಬ್ಯಾರೆ ಊರಿನ ಸಾಮಾನು ಅಂದ್ರಲ್ಲ, ನಮಗ ಅದು ಹೊಸಾದಲ್ಲ ಬಿಡ್ರಿ. ಕೊಪ್ಪಳ ಸಾಲಾರ್ ಜಂಗ್ ಜಹಗೀರಿ ಇತ್ತು, ಮ್ಯಾಲ ನಿಜಾಮರ ಸರಕಾರ. ನಮ್ಮ ಅಜ್ಜ ಸಾಲ್ಯಾಗ ಉರ್ದು ಕಲತಾಂವ. ಗದಗ ಕಣ್ಣಳತಿಯೊಳಗ ಇತ್ತು, ಆದ್ರ ಅದು ಮುಂಬೈ ಸರಕಾರದ್ದು, ಅಲ್ಲಿ ಕನ್ನಡ ಸಾಲಿ, ಕನ್ನಡ ಪುಸ್ತಕ. 1948ರ ತನಕ ನಮಗ ಮಕ್ಕಳ ಪುಸ್ತಕ ಅಂದ್ರ ಅಜ್ಜಿ ಬಾಯಿನ.

— ಆ ಬಾಯಿ ಕಡಿಮೆಯದೇನೂ ಅಲ್ಲ. ಕೊಪ್ಪಳ ತಾಲ್ಲೂಕಿನ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು, ತೊಂಬತ್ತಾರರ ವಯಸ್ಸಿನಲ್ಲಿ. ಜೀವಮಾನವಿಡೀ ಅವರು ಮಾಡಿದ್ದು ಏನು? ಬಿಳಿ ಪರದೆ, ಹಿಂದೊಂದು ದೀಪ, ನಡುವೆ ಹದ ಮಾಡಿ ಬಣ್ಣ ಹಾಕಿದ ಚರ್ಮದ ಗೊಂಬೆ. ರಾಮ, ರಾವಣ ಬರುವುದಕ್ಕೆ ಮೊದಲು ಕಿಳ್ಳೇಕ್ಯಾತ, ಬಂಗಾರಕ್ಕ ಬಂದು ಜಗಳ ತೆಗೆಯುತ್ತಾರೆ. ಮಕ್ಕಳು ನುಗ್ಗುವುದು ಅವರಿಬ್ಬರಿಗಾಗಿ. ಗೊಂಬೆಯ ಕೈ ಒಂದು ಆಡಿದರೆ ಸಿಟ್ಟು, ತಲೆ ಬಾಗಿದರೆ ದುಃಖ. ಉಳಿದದ್ದನ್ನು ನೋಡುವ ಮಗುವೇ ತುಂಬಿಕೊಳ್ಳಬೇಕು. ಒಳ್ಳೆಯ ಚಿತ್ರಪುಸ್ತಕ ಮಾಡುವ ಕೆಲಸವೂ ಅದೇ ಅಲ್ಲವೇ? ಎಲ್ಲವನ್ನೂ ಹೇಳಿಬಿಟ್ಟ ಚಿತ್ರದಲ್ಲಿ ಮಗುವಿಗೆ ಕೆಲಸವಿಲ್ಲ. ಮೊಬೈಲಿನ ಕಾರ್ಟೂನಿನ ಬಗ್ಗೆ ನನ್ನ ತಕರಾರೂ ಅಷ್ಟೇ, ಹೆಚ್ಚಿಗೆ ಬೈಯುವುದಿಲ್ಲ.

— ಹಂಗಂದ್ರ ಕಿನ್ನಾಳ ಗೊಂಬಿನೂ ಮಕ್ಕಳ ಸಾಹಿತ್ಯ ಅನ್ನಾಕಹತ್ತೀರಿ.

— ಸಾಹಿತ್ಯ ಅನ್ನುವುದಿಲ್ಲ, ಆದರೆ ಕಥೆಗೆ ಕೈಕಾಲು ಅದು. ಕಿನ್ನಾಳದ ಚಿತ್ರಗಾರರ ಮನೆಗೆ ಮಕ್ಕಳನ್ನು ಒಮ್ಮೆ ಕರೆದುಕೊಂಡು ಹೋಗಿ. ಹಗುರ ಮರದ ತುಂಡುಗಳನ್ನು ಜೋಡಿಸಿ, ಸಂದಿಗೆ ಗೋಣಿಚೀಲದ ನಾರು, ಮರದ ಹೊಟ್ಟು, ಹುಣಸೆ ಬೀಜದ ಅಂಟು ಕಲಸಿದ ಕಿಟ್ಟ ಮೆತ್ತುತ್ತಾರೆ. ಆಮೇಲೆ ಬಿಳಿ, ಅದರ ಮೇಲೆ ಬಣ್ಣ. ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿರುವ ಗೊಂಬೆ ಅದು. ಭಾನಾಪುರದಲ್ಲಿ ದೊಡ್ಡ ಆಟಿಕೆ ಕ್ಲಸ್ಟರ್ ಬಂದಿದೆ, ಬರಲಿ, ಊರಿಗೆ ಕೆಲಸ ಸಿಗಲಿ. ಆದರೆ ಆಟಿಕೆಯ ಜಿಲ್ಲೆ ಎನ್ನಿಸಿಕೊಳ್ಳುವ ಕಡೆ ಮಕ್ಕಳ ಪುಸ್ತಕದ ಒಂದು ಒಳ್ಳೆಯ ಅಂಗಡಿ ಇರಬೇಡವೇ? ಗಂಗಾವತಿಯಲ್ಲಿ ಗೈಡು, ಪ್ರಶ್ನೋತ್ತರ ಎಷ್ಟು ಬೇಕಾದರೂ ಸಿಗುತ್ತವೆ.

— ಗಂಗಾವತಿ ಅಂದ ಕೂಡಲೇ ನೆನಪಾತು. ನಮ್ಮ ಅಳಿಯ ಅಲ್ಲಿ ಭತ್ತದ ಯಾಪಾರ ಮಾಡತಾನ. ಅವನ ಮಗ ಒಂದ ಸಮನ ಕಿಂದರಿಜೋಗಿ ಹಾಡತಾನ. ‘ನಮ್ಮ ಗೋದಾಮಿನ್ಯಾಗ ಇಲಿ ಅದಾವ, ಜೋಗಿನ್ನ ಕರಸು’ ಅಂತ ಅಪ್ಪನ್ನ ಕಾಡತಾನ.

— ಆ ಹುಡುಗನಿಗೆ ಬಹುಮಾನ ಕೊಡಬೇಕು! ನೋಡಿ, ಬ್ರೌನಿಂಗ್ ಎಂಬ ಇಂಗ್ಲಿಷ್ ಕವಿ 1842ರಲ್ಲಿ ಬರೆದದ್ದು ಜರ್ಮನಿಯ ಹ್ಯಾಮೆಲಿನ್ ಪಟ್ಟಣದ ಕಥೆ, ವೇಸರ್ ನದಿಯ ದಂಡೆಯದು. ಕುವೆಂಪು ಅದನ್ನು ಎತ್ತಿ ತುಂಗೆಯ ದಂಡೆಗೆ ಇಟ್ಟರು, ಊರಿಗೆ ಬೊಮ್ಮನಹಳ್ಳಿ ಎಂದರು, ಊರಿಗೊಬ್ಬ ಗೌಡನನ್ನು ತಂದರು. ಕಥೆ ನಮ್ಮದಾಯಿತು. ಮಾತಿಗೆ ತಪ್ಪಿದವರು ದೊಡ್ಡವರು, ಕಳೆದುಹೋದವರು ಮಕ್ಕಳು. ಅದನ್ನು ಓದಿದ ಮಗುವಿಗೆ ಪುಟದ ಕೆಳಗೆ ನೀತಿ ಬರೆಯಬೇಕೇ? ಈಗ ಯೋಚಿಸಿ. ಅದೇ ತುಂಗೆ ಭದ್ರೆಯನ್ನು ಕೂಡಿ, ಮುನಿರಾಬಾದಿನಲ್ಲಿ ಅಣೆಕಟ್ಟಿಗೆ ಸಿಕ್ಕಿ, ಎಡದಂಡೆ ಕಾಲುವೆಯಾಗಿ ಗಂಗಾವತಿ, ಕಾರಟಗಿಯ ಗದ್ದೆಗೆ ಇಳಿಯುತ್ತದೆ. ಭತ್ತದ ಕಣಜ, ಇಲಿ, ಹೆಗ್ಗಣ, ಅಕ್ಕಿ ಗಿರಣಿಯ ಹೊಗೆ, ಕಾಲುವೆ ನೀರಿನ ಸರದಿಗೆ ಜಗಳ. ಕಿಂದರಿಜೋಗಿ ಬರಲು ಎಲ್ಲ ಸಿದ್ಧವಾಗಿದೆ, ಕರೆಸುವ ಕವಿ ಬೇಕು.

— ಹಿರೇಬೆಣಕಲ್ಲಿನ ಮೋರ್ಯರ ಗುಡ್ಡನೂ ಹಂಗ. ಕಲ್ಲಿನ ಸಣ್ಣ ಸಣ್ಣ ಮನಿ, ನಡುವ ಉರುಟ ತೂತು. ಕುಳ್ಳ ಮೋರ್ಯರು ಇದ್ರು ಅಂತ ಹುಡುಗೂರು ಇವತ್ತಿಗೂ ನಂಬತಾವ.

— ಶಿಲಾಯುಗ, ಕಬ್ಬಿಣಯುಗ ಎಂದು ಪಾಠದಲ್ಲಿ ಎರಡು ಸಾಲು ಓದುವುದಕ್ಕಿಂತ ಆ ತೂತಿನೊಳಗೆ ಇಣುಕಿದ ಮಗುವಿಗೆ ಒಂದು ಸಾಹಸ ಕಥೆ ಸಿಕ್ಕರೆ, ಆಮೇಲೆ ಅದು ಸತ್ತವರ ಗೋರಿ ಎಂದು ತಿಳಿಸಿಕೊಡುವ ಮಾಹಿತಿ ಪುಸ್ತಕ ಸಿಕ್ಕರೆ? ಕಲ್ಪನೆ ಮತ್ತು ಮಾಹಿತಿ ಒಂದಕ್ಕೊಂದು ವೈರಿ ಅಲ್ಲ. ಶಿವರಾಮ ಕಾರಂತರು 1936ರಲ್ಲೇ ‘ಬಾಲಪ್ರಪಂಚ’ದ ಮೂರು ಸಂಪುಟ ಒಬ್ಬರೇ ಕೂತು ಮಾಡಿದರು. ಕನ್ನಡದ ಚಂದಮಾಮ 1949ರಲ್ಲಿ ಶುರುವಾಗಿ ಬೇತಾಳನನ್ನು ಮನೆಮನೆಗೆ ತಂದಿತು. ಹೆದರಿಕೆಯೂ ಒಂದು ಪಾಠ ಮಾಸ್ತರೇ. ಕಥೆಯಲ್ಲಿ ಹೆದರಿ, ಅಜ್ಜಿಯ ಸೆರಗು ಹಿಡಿದು, ಕಥೆ ಮುಗಿದ ಮೇಲೆ ತಾನು ಕ್ಷೇಮವಾಗಿದ್ದೇನೆ ಎಂದು ಕಂಡುಕೊಂಡ ಮಗು ನಿಜವಾದ ಕತ್ತಲೆಗೆ ಸ್ವಲ್ಪ ತಯಾರಾಗಿರುತ್ತದೆ.

— ಕತ್ತಲಿ ನಮ್ಮ ಹುಡುಗೂರಿಗೆ ಬ್ಯಾರೆ ನಮೂನಿದು ಅಕ್ಕಾರ. ಗಂಗಾವತಿಗೆ ಕಾಲುವಿ ಐತಿ. ಕುಷ್ಟಗಿ, ಯಲಬುರ್ಗಾಕ್ಕ ಮಳಿ ಅಷ್ಟ ದಿಕ್ಕು. ಸುಗ್ಗಿ ಮುಗೀತು ಅಂದ್ರ ಅವ್ವ ಅಪ್ಪ ಗುಳೆ ಹೋಗತಾರ, ಬೆಂಗಳೂರು, ಮಂಗಳೂರು, ಗೋವಾ. ಹಾಜರಿ ಪುಸ್ತಕದಾಗ ಹೆಸರು ಇರತೈತಿ, ಹುಡುಗ ಇರಂಗಿಲ್ಲ. ಯುಗಾದಿಗೆ ತಿರುಗಿ ಬಂದಾಗ ‘ಎಲ್ಲಿದ್ದೆಪಾ’ ಅಂದ್ರ ‘ಹದಿನೆಂಟನೇ ಅಂತಸ್ತಿನ್ಯಾಗ’ ಅಂತಾನ. ಕಟ್ಟಡದ ಮ್ಯಾಲಿಂದ ಸಮುದ್ರ ನೋಡಿರತಾನ, ಸಾಲಿ ಪರೀಕ್ಷಾದಾಗ ನಪಾಸು.

— ಹದಿನೆಂಟನೇ ಅಂತಸ್ತಿನ ಆ ಹುಡುಗನೇ ನಾಯಕನಾದ ಮಕ್ಕಳ ಕಾದಂಬರಿ ನಮಗೆ ಬೇಕಾಗಿರುವುದು. ಹನ್ನೊಂದು, ಹನ್ನೆರಡರ ವಯಸ್ಸಿಗೆ ಮಕ್ಕಳು ಮೊಲ, ಸಿಂಹ ಬಿಟ್ಟು ತಮ್ಮಂಥವರನ್ನು ಹುಡುಕುತ್ತಾರೆ. ನನಗಾದದ್ದು ಬೇರೆಯವರಿಗೂ ಆಗಿದೆಯೇ, ಅವರು ಏನು ಮಾಡಿದರು ಎಂದು ಕೇಳುವ ವಯಸ್ಸು ಅದು. ಆ ವಯಸ್ಸಿಗೆ ಬರೆದ ಕನ್ನಡ ಪುಸ್ತಕ ಮೊದಲಿನಿಂದಲೂ ಕಡಿಮೆ. ಪ್ರಾಸಪದ್ಯ ಬೇಕಾದಷ್ಟು ಇವೆ. ಅರ್ಧಕ್ಕರ್ಧ ರಾಜರತ್ನಂ ಅವರ ‘ನಾಯಿಮರಿ’ ಪದ್ಯದ ಮರಿಮಕ್ಕಳು ಎಂದರೆ ಕವಿಗಳು ಬೇಜಾರು ಮಾಡಿಕೊಳ್ಳುತ್ತಾರೆ, ಆದರೂ ಮಾತು ನಿಜ.

— ಬರೆಯಾವ್ರು ಅದಾರೇನು ನಮ್ಮ ಕಡೆ?

— ನಿಮ್ಮ ಸುತ್ತಲೇ ಇದ್ದಾರೆ. ಕೇಂದ್ರ ಸಾಹಿತ್ಯ ಅಕಾಡೆಮಿ ಬಾಲಸಾಹಿತ್ಯ ಪುರಸ್ಕಾರ ಶುರು ಮಾಡಿದ್ದು 2010ರಲ್ಲಿ. 2018ರಲ್ಲಿ ವಿಜಯಪುರದ ಕಂಚ್ಯಾಣಿ ಶರಣಪ್ಪನವರಿಗೆ ಬಂತು, 2019ರಲ್ಲಿ ಚಂದ್ರಕಾಂತ ಕರದಳ್ಳಿಯವರಿಗೆ, 2021ರಲ್ಲಿ ಬಸು ಬೇವಿನಗಿಡದ ಅವರ ‘ಓಡಿಹೋದ ಹುಡುಗ’ಕ್ಕೆ, 2025ರಲ್ಲಿ ಬಳ್ಳಾರಿ ಸೀಮೆಯ ಕೆ. ಶಿವಲಿಂಗಪ್ಪ ಹಂದಿಹಾಳ ಅವರ ‘ನೋಟ್‌ಬುಕ್’ ಕಥೆಗಳಿಗೆ. ಕೊಪ್ಪಳದ ಸುತ್ತಮುತ್ತಲ ಮಾತಿನಲ್ಲೇ ಬೆಳೆದವರು ಇವರಲ್ಲಿ ಹೆಚ್ಚು. ಮೈಸೂರು, ಬೆಂಗಳೂರು ನೋಡುತ್ತಾ ಕೂರುವ ಕಾರಣವೇ ಇಲ್ಲ.

— ಹಂಗಾದ್ರ ಪಟ್ಟಿ ಮಾಡೂಣು. ಹೇಳ್ರಿ, ಬರಕೋತೀನಿ.

— ಎಲ್ಲಕ್ಕಿಂತ ಮೊದಲು, ಒಂದೇ ಪುಸ್ತಕದ ಐವತ್ತು ಪ್ರತಿ ಬೇಡ. ಒಂದೊಂದು, ಎರಡೆರಡು ತರಿಸಿ. ಒಂದು, ಎರಡನೇ ತರಗತಿಗೆ ಪುಟಕ್ಕೆ ಒಂದೆರಡೇ ಸಾಲಿನ ಚಿತ್ರಪುಸ್ತಕಗಳು. ನ್ಯಾಷನಲ್ ಬುಕ್ ಟ್ರಸ್ಟಿನ ನೆಹರೂ ಬಾಲ ಪುಸ್ತಕಾಲಯದವು ಅಗ್ಗ, ಪ್ರಥಮ್ ಬುಕ್ಸ್‌ನವು ಕನ್ನಡದಲ್ಲಿವೆ, ಅವರ ಸ್ಟೋರಿವೀವರ್ ತಾಣದಲ್ಲಂತೂ ಬಿಟ್ಟಿಯಾಗಿ ಸಿಗುತ್ತವೆ, ಅಚ್ಚು ಹಾಕಿಕೊಳ್ಳಿ. ಪಂಜೆ, ರಾಜರತ್ನಂ, ಹೊಯ್ಸಳ, ಪುರಾಣಿಕರ ಪದ್ಯಗಳು ಇರಲಿ. ಕಿಂದರಿಜೋಗಿ ಇರಲೇಬೇಕು. ದೊಡ್ಡ ತರಗತಿಯ ಮಕ್ಕಳಿಗೆ ಈಗ ಹೇಳಿದ ಕಥೆಗಾರರು. ಆಡಿಸಬಹುದಾದ ಎರಡು ನಾಟಕ. ಪುಸ್ತಕ ಮುಟ್ಟದ ಹುಡುಗ ಪಾತ್ರದ ಮಾತಿಗಾಗಿ ಓದುತ್ತಾನೆ. ವಿಜ್ಞಾನದ್ದು ಕಡ್ಡಾಯ, ಹಾವು, ನಕ್ಷತ್ರ, ಕೀಟ ಯಾವುದಾದರೂ. ಮಹಾತ್ಮರ ಚರಿತ್ರೆ ಎರಡು ಸಾಕು, ಅದೂ ಅವರು ಬಾಲ್ಯದಲ್ಲಿ ತಪ್ಪು ಮಾಡಿದ್ದನ್ನು ಮುಚ್ಚಿಡದಂಥವು.

— ಮತ್ತ ಹರದ್ರ?

— ಹರಿಯಲಿ. ಹರಿದ ಪುಸ್ತಕ ಓದಿದ ಪುಸ್ತಕ. ಆಡಿಟ್ಟಿನವರಿಗೆ ‘ಬಳಕೆಯಿಂದ ಹಾಳಾಗಿದೆ’ ಎಂದು ಬರೆದುಕೊಡಿ. ಇನ್ನೊಂದು ಕೆಲಸ, ಅದಕ್ಕೆ ರೊಕ್ಕ ಬೇಡ: ದಿನಾ ಊಟದ ಬಿಡುವು ಮುಗಿದ ಮೇಲೆ ನೀವೇ ಜೋರಾಗಿ ಒಂದು ಕಥೆ ಓದಿ. ಪ್ರಶ್ನೆ ಕೇಳಬೇಡಿ, ‘ಇದರಿಂದ ಏನು ಕಲಿತಿರಿ’ ಅಂತೂ ಕೇಳಲೇಬೇಡಿ. ಅಕ್ಷರ ಬಾರದ ಮಗುವಿಗೆ ಪುಸ್ತಕದ ರುಚಿ ಹತ್ತುವುದು ಬೇರೆಯವರ ದನಿಯಿಂದಲೇ.

— ಅದು ಆಗತೈತಿ. ರಜಾದಾಗ ಏನು ಮಾಡೂಣು? ಸಾಲಿ ಮುಚ್ಚಿದ್ರ ಪುಸ್ತಕನೂ ಮುಚ್ಚಿದಂಗ.

— ಊರಿನ ಗ್ರಾಮ ಪಂಚಾಯಿತಿ ಗ್ರಂಥಾಲಯ, ಈಗ ಅರಿವು ಕೇಂದ್ರ ಎನ್ನುತ್ತಾರಲ್ಲ, ಅದು ಯಾಕಿದೆ? 2020ರಲ್ಲಿ ‘ಓದುವ ಬೆಳಕು’ ಶುರುವಾದಾಗಿನಿಂದ ಅಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ, ಒಂದು ಪೈಸೆ ಕೊಡಬೇಕಾಗಿಲ್ಲ. ಈ ಶನಿವಾರ ಶಾಲೆ ಬಿಟ್ಟ ಮೇಲೆ ಎಲ್ಲರನ್ನೂ ಸಾಲು ಮಾಡಿಕೊಂಡು ಹೋಗಿ ಹೆಸರು ಹಚ್ಚಿಸಿ ಬನ್ನಿ.